ನೆಂಟರ ಮುಂದೆ ಮಾತ್ರ ತುಂಬುವ ಬ್ಯಾಟರಿ

ಡಿಸೆಂಬರ್ ೨೮, ಗುರುವಾರ

ಅಂಕಿ ೬೧.

ಯಗೋದಾಳ ಅಪ್ಪಣೆಯಾಗಿದೆ. ಬ್ಯಾಟರಿಯ ಮೇಲೆ ಕಾಣುವ ಅಂಕಿಯನ್ನು ದಿನಾ ಬರೆದಿಡಬೇಕಂತೆ. "ದೊಡ್ಡಮ್ಮಾ, ಅಂಕಿ ಅಷ್ಟೇ ಬರಿ. ಕಥೆ ಬರೀಬೇಡ" ಎಂದಳು ಫೋನಿನಲ್ಲಿ. ಬೆಕ್ಕಿನ ಮುಂದೆ ಹಾಲಿಟ್ಟು ಬರೀ ಎಣಿಸು, ಕುಡಿಯಬೇಡ ಎಂದ ಹಾಗಾಯಿತು. ಮೊಮ್ಮಗಳು ಬೇಸಗೆಯಲ್ಲಿ ಬಿಟ್ಟುಹೋದ ಚೌಕಳಿ ಗೆರೆಯ ನೋಟ್‌ಬುಕ್ಕಿದೆ, ಪೆನ್ನಿದೆ, ಹೊರಗೆ ಮೊಣಕಾಲುದ್ದ ಹಿಮವಿದೆ. ನಾಲ್ಕನೇ ಕ್ಲಾಸಿನ ತನಕ ಕಲಿತ ಅಕ್ಷರ ಇನ್ನೆಲ್ಲಿಗೆ ಬಂತು?

ಬ್ಯಾಟರಿಗೆ ಬಂದ ರೋಗ ಇದು: ಇಳಿಯುತ್ತದೆ, ಏರುವುದಿಲ್ಲ. ಸೆಪ್ಟೆಂಬರಿನಲ್ಲಿ ಪಟ್ಟಣದಿಂದ ತಿಹೊಮಿರ್ ಎಂಬವನು ಬಂದು ಮಾಡಿನ ಮೇಲೆ ಬಿಸಿಲು ಕುಡಿಯುವ ಕನ್ನಡಿಯಂಥ ಹಲಗೆಗಳನ್ನು ಹೊಡೆದು, ಮದುಮಗಳ ಪೆಟ್ಟಿಗೆಯಷ್ಟು ದೊಡ್ಡ ಬ್ಯಾಟರಿ ಇಟ್ಟು ಹೋದ. ಶರತ್ಕಾಲವೆಲ್ಲ ಪಾಪದ ಹಸುವಿನ ಹಾಗೆ ಇತ್ತು. ಈಗ ಹತ್ತು ದಿನದಿಂದ ಅದಕ್ಕೆ ಸಿಟ್ಟು.

ಇಷ್ಟೆಲ್ಲ ಯಾರಿಗಾಗಿ ಎಂದರೆ ನನ್ನ ವಾರಗಿತ್ತಿ ವಿದಾಳಿಗಾಗಿ. ಯಗೋದಾಳ ತಾಯಿ, ನನ್ನ ಮೈದುನನ ಹೆಂಡತಿ, ನಲವತ್ತೊಂದು ವರ್ಷದಿಂದ ನನ್ನ ತಲೆಯ ಮೇಲಿನ ಶನಿ. ಚಿಮಣಿಯ ಹಾಗೆ ಸಿಗರೇಟು ಸೇದಿ ಶ್ವಾಸಕೋಶ ಸುಟ್ಟುಕೊಂಡಳು. ಈಗ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಅಡಿಗೆಮನೆಯಲ್ಲಿ ಗುರುಗುಟ್ಟುವ ಉಸಿರಿನ ಯಂತ್ರದ ಪಕ್ಕ ಮಹಾರಾಣಿಯಂತೆ ಮಲಗಿದ್ದಾಳೆ. ಆ ಯಂತ್ರಕ್ಕೆ ಕರೆಂಟು ಬೇಕು. ಈ ಬೆಟ್ಟದ ತುದಿಗೆ ಬರುವ ಕರೆಂಟು ದಿನಕ್ಕೆ ಮೂರು ಸಲ ಹೋಗುತ್ತದೆ, ಹಿಮ ಬಿದ್ದರೆ ಮೂರು ದಿನ ಹೋಗುತ್ತದೆ. ಹೋದಾಗ ಬ್ಯಾಟರಿಯೇ ಗತಿ.

ಡಿಸೆಂಬರ್ ೨೯

೫೫.

ಹಿಮ ಮುಚ್ಚಿರಬೇಕು ಎಂದು ಯಗೋದಾ. ಎಪ್ಪತ್ತೆರಡರ ವಯಸ್ಸಿನಲ್ಲಿ ಏಣಿ ಹತ್ತಿ, ಉದ್ದ ಕೋಲಿಗೆ ಪೊರಕೆ ಕಟ್ಟಿ ಗುಡಿಸಿದೆ. ಹಲಗೆಗಳು ನನ್ನ ಮುಖ ಕಾಣುವಷ್ಟು ಸ್ವಚ್ಛವಾದವು. ಆ ಸುಖವೇನೂ ನನಗೆ ಬೇಕಿರಲಿಲ್ಲ. ಬಿಸಿಲೂ ಚೆನ್ನಾಗಿತ್ತು. ಬ್ಯಾಟರಿಯ ಮೇಲೆ ಮಾತ್ರ ಏರುತ್ತಿಲ್ಲ ಎನ್ನುವ ಅದೇ ಕೆಂಪು ದೀಪ.

ಕಿಟಕಿಯಿಂದ ನೋಡುತ್ತಿದ್ದ ವಿದಾ, "ಅಕ್ಕಾ, ಬಿದ್ದೀಯ" ಎಂದಳು.

"ಬಿದ್ರೆ ಯಂತ್ರಕ್ಕೆ ಇಬ್ಬರು. ಸರದಿ ಮೇಲೆ ಉಸಿರಾಡೋಣ."

ಡಿಸೆಂಬರ್ ೩೧

೪೭.

ತಿಹೊಮಿರನೇ ಫೋನು ಮಾಡಿದ. ಸಿಗ್ನಲ್ ಸಿಗುವುದು ಕೊಟ್ಟಿಗೆಯ ಮೆಟ್ಟಿಲ ಮೇಲೆ ಮಾತ್ರ. ಅಲ್ಲಿ ನಿಂತು ಅವನ ಮಾತು ಕೇಳಿಕೊಳ್ಳುವುದು, ಓಡಿ ಒಳಗೆ ಬಂದು ಮಾಡುವುದು, ಮತ್ತೆ ಓಡುವುದು. ಮೊದಲು ಮಾಡಿನ ಸ್ವಿಚ್ಚು ಆರಿಸು, ಆಮೇಲೆ ಗೋಡೆಯದು, ಆಮೇಲೆ ಬ್ಯಾಟರಿಯದು, ನೂರು ಎಣಿಸು, ಈಗ ಹಿಂದುಮುಂದಾಗಿ ಹಾಕು. ಚರ್ಚಿನಲ್ಲಿ ಪಾದ್ರಿ ಕೂಡ ಇಷ್ಟು ಸಲ ಕೂರಿಸಿ ಏಳಿಸುವುದಿಲ್ಲ. ಇಲಿ ತಂತಿ ಕಡಿದಿದೆಯಾ ಎಂದು ಕೇಳಿದ. ನನ್ನ ಒಳ್ಳೆ ಕೋಣೆಯಲ್ಲಿ ಇಲಿಯೇ ಎಂದು ಕೇಳಿದೆ. ಕ್ಷಮೆ ಕೇಳಿದ.

ಬ್ಯಾಟರಿ ಇರುವುದು ಒಳ್ಳೆ ಕೋಣೆಯಲ್ಲಿ. ಅಡಿಗೆಮನೆಯ ಉಗ್ರಾಣದಲ್ಲಿ ಇಡುತ್ತೇನೆ ಎಂದು ಅವನು ಸೆಪ್ಟೆಂಬರಿನಲ್ಲಿ ಹಟ ಹಿಡಿದಿದ್ದ. ಹುಳಿ ಕೋಸಿನ ಪೀಪಾಯಿಯ ಪಕ್ಕ, ಇಡೀ ಮನೆಯಲ್ಲಿ ಅತಿ ಬೆಲೆಬಾಳುವ ವಸ್ತು? ನಮ್ಮತ್ತೆ ನನಗೆ ಅಷ್ಟು ಕೆಟ್ಟದಾಗಿ ಕಲಿಸಿಲ್ಲ. ಗೋಡೆಗೆ ಕಿಲಿಮ್ ಜಮಖಾನ, ಗಾಜಿನ ಬೀರು, ಸಂತ ಯೊವಾನನ ಪಟ ಇರುವ ಕೋಣೆಯಲ್ಲಿ ಇಡಿಸಿದೆ. ಧೂಳು ಕೂರದಿರಲೆಂದು ಕ್ರೋಶಾ ಹೊದಿಕೆ ಹೆಣೆದೆ. ಆ ಕೋಣೆಯ ಬೀಗದ ಕೈ ಅತ್ತೆ ಸಾಯುವಾಗ ನನ್ನ ಕೈಗೆ ಕೊಟ್ಟದ್ದು, ವಿದಾಳ ಕೈಗಲ್ಲ. ನೆಂಟರು ಬಂದಾಗ ತೆರೆಯುತ್ತದೆ, ಹೆಣ ಮಲಗಿಸಬೇಕಾದಾಗ ತೆರೆಯುತ್ತದೆ. ಈಗ ಬ್ಯಾಟರಿಯ ಅಂಕಿ ನೋಡಲು ದಿನಕ್ಕೊಮ್ಮೆ ತೆರೆಯುತ್ತದೆ. ಕಾಲ ಕೆಟ್ಟಿತು.

ಜನವರಿ ೩

೩೮.

ಪಕ್ಕದ ಮನೆಯ ರಾದಿಸಾವ್ ಬಂದ. ಅಕ್ಕಪಕ್ಕದವರು ನೆಂಟರಲ್ಲ, ಅಡಿಗೆಮನೆಯಲ್ಲಿ ಕೂತ. ಮೂರು ಲೋಟ ರಾಕಿಯಾ ಸಾರಾಯಿ ಇಳಿಸಿದ ಮೇಲೆ ಜ್ಞಾನ ಬಂತು.

"ಪೆರ್ಸಾ, ಟ್ರ್ಯಾಕ್ಟರ್ ಬ್ಯಾಟರಿ ಹೀಗೇ ಮಾಡ್ತಿತ್ತು. ಒಂದು ಒದೆ ಕೊಟ್ಟೆ, ಸರಿಯಾಯ್ತು."

"ಟ್ರ್ಯಾಕ್ಟರ್ ಎಲ್ಲಿದೆ ಈಗ?"

"ಮಾರಿಬಿಟ್ಟೆ."

"ಯಾಕೆ?"

"ಸ್ಟಾರ್ಟ್ ಆಗ್ತಿರ್ಲಿಲ್ಲ."

ವಿದಾ ನಕ್ಕು ನಕ್ಕು ಕೆಮ್ಮು ಹತ್ತಿ ತುಟಿ ನೀಲಿಯಾಯಿತು. ಹೊಟ್ಟೆಕಿಚ್ಚಿನವಳು, ನನ್ನ ಮಾತಿಗೆ ನಕ್ಕಳೆಂದು ಯಾರಿಗೂ ತಿಳಿಯಬಾರದೆಂದೇ ಕೆಮ್ಮಿದ್ದು. ಬೆನ್ನು ನೀವಿದೆ.

ಜನವರಿ ೯

೨೧.

ಯಗೋದಾಳ ಫೋನು. ಅವಳು ನರ್ಸು, ದಿನವಿಡೀ ರೋಗಿಗಳಿಗೆ ಆಜ್ಞೆ ಮಾಡಿ ಅಭ್ಯಾಸ.

"ದೊಡ್ಡಮ್ಮಾ, ಈ ತಿಂಗಳ ಕೊನೆ ತನಕ ನೋಡ್ತೀನಿ. ಬ್ಯಾಟರಿ ಸರಿಹೋಗ್ಲಿಲ್ಲ ಅಂದ್ರೆ ಅಮ್ಮನ್ನ ಇಲ್ಲಿ ವೃದ್ಧಾಶ್ರಮಕ್ಕೆ ಸೇರಿಸ್ತೀನಿ. ಅಲ್ಲಿ ಕರೆಂಟು ಹೋಗಲ್ಲ. ಹಾಸಿಗೆ ಹೇಳಿಟ್ಟಿದೀನಿ."

"ಎರಡು ಹೇಳಿಡು. ಅವಳ ಬಾಯಿಗೊಂದು."

"ತಮಾಷೆ ಅಲ್ಲ ದೊಡ್ಡಮ್ಮಾ. ಕರೆಂಟಿಲ್ಲ, ಬ್ಯಾಟರಿ ಇಲ್ಲ ಅಂದ್ರೆ ಅಮ್ಮ ಅರ್ಧ ದಿನ ಉಳಿಯಲ್ಲ. ಮೂಲೇಲಿರೋ ಆಕ್ಸಿಜನ್ ಸಿಲಿಂಡರ್ ಆರು ಗಂಟೆ ಬರುತ್ತೆ ಅಷ್ಟೆ."

ಹೋಗಲಿ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಉಪ್ಪು ನನಗೆ ಬೇಕಾದಷ್ಟು ಹಾಕುತ್ತೇನೆ. ಯಾರೂ "ಅಕ್ಕಾ, ಹುಳಿ ಜಾಸ್ತಿ" ಎನ್ನುವುದಿಲ್ಲ. ವಿದಾಳಿಗೆ ವಿಷಯ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅವಳೂ ಏನೂ ಹೇಳದೆ ಕುಡಿದಳು.

ಜನವರಿ ೧೨

ಬೆಳಗ್ಗೆ ೧೨. ಸಂಜೆ ೩೬.

ತಿಹೊಮಿರ್ ಬಂದಿದ್ದ. ಪಟ್ಟಣದಿಂದ ಬರುವವನು, ಹೊಸ್ತಿಲ ಹೊರಗೆ ನಿಲ್ಲಿಸಲಾಗುತ್ತದೆಯೇ? ಬೆಳಗಿನ ಜಾವವೇ ಎದ್ದು ಒಳ್ಳೆ ಕೋಣೆ ಗುಡಿಸಿ ಸಜ್ಜು ಮಾಡಿದೆ. ಮೊದಲು ಒಂದು ಚಮಚ ಕ್ವಿನ್ಸ್ ಹಣ್ಣಿನ ಪಾಕ, ಒಂದು ಲೋಟ ನೀರು, ಆಮೇಲೆ ಕಾಫಿ, ಆಮೇಲೆ ಗಿಣ್ಣು ಹಾಕಿದ ರೊಟ್ಟಿ. ಕೋಟು ಬಿಚ್ಚಿಟ್ಟ, ಸ್ವೆಟರೂ ಬಿಚ್ಚಿದ, ಬೆವರು ಒರೆಸಿಕೊಂಡು ತಂತಿಗಳನ್ನೆಲ್ಲ ಮುಟ್ಟಿ ನೋಡಿದ. ಬ್ಯಾಟರಿಯ ಮೇಲೆ ಹಸಿರು ದೀಪ. ಅಂಕಿ ಅವನ ಕಣ್ಣೆದುರೇ ಹದಿಮೂರು, ಹದಿನಾಲ್ಕು, ಹದಿನೈದು.

"ಅಜ್ಜಿ, ಇದಕ್ಕೇನೂ ಆಗಿಲ್ಲವಲ್ಲ."

"ನಿನ್ನೆ ತನಕ ಏರ್ತಿರ್ಲಿಲ್ಲ."

"ಇವತ್ತು ಏರ್ತಾ ಇದೆ."

"ಕಣ್ಣು ನನಗೂ ಇದೆ ಮಗಾ."

ವಯಸ್ಸಾದವರು ಅಂಕಿ ತಪ್ಪು ಓದುತ್ತಾರೆ ಎಂಬ ನಗೆ ನಕ್ಕು, ಅರ್ಧ ಗಿಣ್ಣು ರೊಟ್ಟಿ ಕಟ್ಟಿಸಿಕೊಂಡು ಹೋದ.

ಜನವರಿ ೧೩

೩೩. ಕೆಂಪು ದೀಪ.

ಅವನ ಗಾಡಿ ಕಣಿವೆ ಇಳಿಯುವುದನ್ನೇ ಕಾಯುತ್ತಿತ್ತೋ ಏನೋ.

ಜನವರಿ ೨೦, ಶನಿವಾರ

ಬೆಳಗ್ಗೆ ೯. ಸಂಜೆ ೫೨.

ಮನೆದೇವರ ಹಬ್ಬ, ಸಂತ ಯೊವಾನನದು. ಪಾದ್ರಿ ಬಂದ, ಬೀಗರು ಬಂದರು, ರಾದಿಸಾವ್ ಕೂಡ ಇವತ್ತು ನೆಂಟನಾಗಿ ಬಂದು ಒಳ್ಳೆ ಕೋಣೆಯಲ್ಲಿ ಕೂತ. ಕೋಸಿನೆಲೆಯ ಸುರುಳಿ ನೂರಿಪ್ಪತ್ತು ಮಾಡಿದ್ದೆ, ಹನ್ನೊಂದು ಉಳಿಯಿತು. ಯಗೋದಾಳಿಗೆ ಕೆಲಸ, ಬರಲಿಲ್ಲ. ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಆಗುತ್ತಿದ್ದಾಗ ಮೂಲೆಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಪಾದ್ರಿ ಅದು ತನ್ನ ಪ್ರಾರ್ಥನೆಯ ಫಲ ಎಂದುಕೊಂಡ. ಇನ್ನೊಂದು ಲೋಟ ಕೇಳಿದ.

ಜನವರಿ ೨೧

೭೮. ಹಬ್ಬದ ಎರಡನೇ ದಿನ, ಉಳಿದ ನೆಂಟರು. ಹಸಿರು.

ಜನವರಿ ೨೩

೬೬. ಕೆಂಪು.

ರೋಗ ಯಾವುದೆಂದು ನನಗೆ ಗೊತ್ತಾಯಿತು. ಈ ಬ್ಯಾಟರಿ ನಮ್ಮ ಮನೆಯ ಗಂಡಸರ ಜಾತಿ. ನನ್ನ ಗಂಡ ಸ್ತಾನ್ಕೊ, ದೇವರು ಅವನಿಗೆ ಸದ್ಗತಿ ಕೊಡಲಿ, ನೆಂಟರು ಬಂದರೆ ಸೌದೆ ಒಡೆಯುತ್ತಿದ್ದ, ನೀರು ಸೇದುತ್ತಿದ್ದ, ನನ್ನನ್ನು "ಪೆರ್ಸಾ, ಚಿನ್ನ" ಎನ್ನುತ್ತಿದ್ದ. ನೆಂಟರ ಬೆನ್ನು ಕಂಡರೆ ಸಾಕು, ಮಂಚ. ಊರಿಗೆ ಉಪಕಾರಿ, ಮನೆಗೆ ಮಾರಿ. ತಿಹೊಮಿರ್ ಬಂದರೆ ತುಂಬುತ್ತದೆ, ಪಾದ್ರಿ ಬಂದರೆ ತುಂಬುತ್ತದೆ, ನಾನು ಹೋಗಿ ನಿಂತರೆ ಕೆಂಗಣ್ಣು.

ಯಗೋದಾಳಿಗೆ ಇದನ್ನೇ ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ದೊಡ್ಡಮ್ಮಾ, ನೀನೂ ಒಂದ್ಸಲ ಡಾಕ್ಟರ ಹತ್ರ ಬಾ" ಎಂದಳು.

ಜನವರಿ ೨೫

ಬೆಳಗ್ಗೆ ೫೮. ಸಂಜೆ ೩೪.

ನಿನ್ನೆಯಿಂದ ಎಡೆಬಿಡದೆ ಹಿಮ. ಬೆಳಗ್ಗೆ ಏಳಕ್ಕೆ ಕರೆಂಟು ಹೋಯಿತು, ಕಂಬವೇ ಬಿದ್ದಿದೆಯಂತೆ. ದಾರಿ ಮುಚ್ಚಿದೆ. ಹಿಮ ಗೋರುವ ಗಾಡಿ ಬರುವ ತನಕ ಯಗೋದಾ ಬರುವ ಹಾಗಿಲ್ಲ, ನಾವು ಹೋಗುವ ಹಾಗಿಲ್ಲ. ಫ್ರಿಜ್ಜು ಆರಿಸಿದೆ, ಪಂಪು ಆರಿಸಿದೆ, ಮೇಣದ ಬತ್ತಿ ಸಾಕು. ಯಂತ್ರ ಒಂದೇ ಓಡುತ್ತಿದೆ.

"ಅಕ್ಕಾ, ಯಂತ್ರಾನೂ ಒಂದು ಗಂಟೆ ಆರ್ಸು. ನಾನು ತಡ್ಕೋತೀನಿ."

"ನೀನು ಬಾಯಿಗೇ ತಡೆ ಹಾಕ್ಕೊಳ್ಳದೋಳು, ಉಸಿರಿಗೆ ಹಾಕ್ಕೋತೀಯಾ? ಮಲ್ಕೋ."

ಜನವರಿ ೨೬, ಶುಕ್ರವಾರ

ಬೆಳಗ್ಗೆ ೧೪.

ನಡೆದ ಹಾಗೇ ಬರೆಯುತ್ತೇನೆ.

ಏಳೂವರೆಗೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ನಿಂತು ತಿಹೊಮಿರನಿಗೆ ಫೋನು ಮಾಡಿದೆ. ಇನ್ನೂ ಹಾಸಿಗೆಯಲ್ಲಿದ್ದ. ಹದಿನಾಲ್ಕು ಎಂದ ಕೂಡಲೇ ಎದ್ದು ಕೂತದ್ದು ಕೇಳಿಸಿತು.

"ಅಜ್ಜಿ, ನೀವು ಬರೆದಿಟ್ಟಿದ್ದೀರಲ್ಲ, ಓದಿ. ಯಾವ ಯಾವ ದಿನ ಏರ್ತು?"

"ನೀನು ಬಂದ ದಿನ. ಹಬ್ಬದ ದಿನ. ಅದರ ಮಾರನೇ ದಿನ."

"ಆ ದಿನಗಳಲ್ಲಿ ಬೇರೆ ಏನು ಮಾಡಿದ್ರಿ?"

"ಏನೂ ಇಲ್ಲ. ನೆಂಟರು ಬಂದ್ರು."

"ಅವರೇನಾದ್ರೂ ಬ್ಯಾಟರಿ ಮುಟ್ಟಿದ್ರಾ?"

"ನಮ್ಮ ನೆಂಟರಿಗೆ ಅಷ್ಟು ಮರ್ಯಾದೆ ಇದೆ."

"ಸರಿ. ಆ ಕೋಣೇಲಿ ಬೆಳಗ್ಗೆಯಿಂದ ಏನೇನು ಮಾಡಿದ್ರಿ, ಒಂದೊಂದೇ ಹೇಳಿ."

"ಬೀಗ ತೆಗೆದೆ. ಕಿಲಿಮ್ ಒದರಿದೆ. ಒಲೆ ಹಚ್ಚಿದೆ. ಬೀರು ಒರೆಸಿದೆ. ಸಕ್ಕರೆ ಡಬ್ಬಿ..."

"ತಡೀರಿ. ಒಲೆ ಹಚ್ಚಿದ್ರಾ?"

"ಮತ್ತೆ? ನೆಂಟರನ್ನ ಚಳೀಲಿ ಕೂರಿಸ್ತಾರಾ?"

"ಮಿಕ್ಕ ದಿನ?"

"ಮಿಕ್ಕ ದಿನ ಯಾಕಪ್ಪಾ ಹಚ್ಚಲಿ? ಅಲ್ಲಿ ಯಾರಿರ್ತಾರೆ?"



"ಅಜ್ಜಿ, ಅಲ್ಲಿ ಬ್ಯಾಟರಿ ಇರುತ್ತೆ."

ಆ ಬ್ಯಾಟರಿ ಹಿಮಗಟ್ಟುವಷ್ಟು ತಣ್ಣಗಾದರೆ ಇದ್ದದ್ದನ್ನು ಕೊಡುತ್ತದಂತೆ, ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಬಿಟ್ಟುಕೊಂಡರೆ ಹಾಳಾಗುತ್ತದೆಂದು ತಾನೇ ಬಾಯಿ ಮುಚ್ಚಿಕೊಳ್ಳುತ್ತದಂತೆ.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನಾನು ಬಂದಾಗ ಬೇಕರಿ ಥರ ಬೆಚ್ಚಗಿತ್ತು. ನೀವು ಅಲ್ಲೇ ಇರ್ತೀರ ಅಂದ್ಕೊಂಡೆ."

"ನಾನಾ? ಒಳ್ಳೆ ಕೋಣೇಲಾ?"

"ಈಗಲೇ ಹೋಗಿ ಒಲೆ ಹಚ್ಚಿ. ಕೋಣೆ ಬೆಚ್ಚಗಾದ್ರೆ ಸಾಲದು, ಬ್ಯಾಟರಿ ಹೊಟ್ಟೆ ಬೆಚ್ಚಗಾಗ್ಬೇಕು. ಗಂಟೆಗಟ್ಟಲೆ ಹಿಡಿಯುತ್ತೆ."

ಎಂಟಕ್ಕೆ ಹಚ್ಚಿದೆ. ಕಿಟಕಿಯ ಗಾಜಿನ ಒಳಮೈಯಲ್ಲಿ ಬೆರಳು ದಪ್ಪ ಮಂಜು. ಗೋಡೆ ಮೂಲೆಯಲ್ಲಿ ಮೊನ್ನೆಯ ತೀರ್ಥದ ಬಾಟಲಿ ಹೆಪ್ಪುಗಟ್ಟಿ ಒಡೆದಿತ್ತು. ದಿನಾ ಬಂದು ಅಂಕಿ ಓದಿ ಹೋಗುತ್ತಿದ್ದೆನಲ್ಲ, ಶಾಲು ಹೊದ್ದು, ಕೈಗವಸು ಹಾಕಿಕೊಂಡು, ಬಾಯಿಂದ ಹೊಗೆ ಬಿಡುತ್ತ. ಬಹಳ ಬುದ್ಧಿವಂತೆ.

ಒಂಬತ್ತಕ್ಕೆ ಹನ್ನೆರಡು. ಬ್ಯಾಟರಿ ಉಳಿಸೋಣವೆಂದು ವಿದಾಳನ್ನು ಸಿಲಿಂಡರಿಗೆ ಹಾಕಿದೆ. ಆರು ಗಂಟೆ ಎಂದಿದ್ದಳು ಯಗೋದಾ. ಮುಳ್ಳು ನೋಡಿದರೆ ಅರ್ಧಕ್ಕಿಂತ ಕೆಳಗಿತ್ತು. ಹೋದ ತಿಂಗಳು ಎರಡು ಸಲ ಬಳಸಿದ್ದು ನೆನಪಾಯಿತು. ಏಣಿ ಹತ್ತಿ ಹಲಗೆ ಗುಡಿಸಿದೆ. ಹತ್ತೂವರೆಗೆ ಬಿಸಿಲು ಬಿತ್ತು. ಕೆಂಪು ದೀಪ. ಕ್ರೋಶಾ ಹೊದಿಕೆ ಕಿತ್ತೆಸೆದು ನನ್ನ ಕುರಿ ಚರ್ಮದ ಕೋಟನ್ನು ಬ್ಯಾಟರಿಗೆ ಸುತ್ತಿದೆ. ಸಾಲದೆಂದು ಬಿಸಿ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಅಕ್ಕಪಕ್ಕ ಇಟ್ಟೆ. ಬೆನ್ನು ಕೊಟ್ಟು ಕೂತೆ. ಜ್ವರದ ಮಗುವಿಗೂ ಇಷ್ಟು ಮಾಡಿಲ್ಲ.

ಹನ್ನೆರಡಕ್ಕೆ ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಬಂತು. ವಿದಾಳ ಉಗುರು ನೀಲಿ. ಯಂತ್ರಕ್ಕೇ ಹಾಕಿದೆ. ಹತ್ತು, ಒಂಬತ್ತು. ಈ ಚಳಿಯಲ್ಲಿ ಸತ್ತರೆ ನೆಲ ಅಗೆಯುವವರು ಯಾರು, ಅದೇ ಒಂದು ಯೋಚನೆ ನನಗೆ.

"ಅಕ್ಕಾ, ಇಲ್ಲಿ ಬಂದು ಕೂತ್ಕೋ" ಎಂದಳು.

"ನನಗೆ ಕೆಲಸ ಇದೆ" ಎಂದು ಹೋಗಿ ಮತ್ತೆ ಬ್ಯಾಟರಿಗೆ ಬೆನ್ನು ಕೊಟ್ಟೆ.

ಒಂದೂ ಹತ್ತಕ್ಕೆ ಕೋಟಿನ ಸಂದಿಯಿಂದ ಬೆಳಕು ಕಂಡಿತು. ಹಸಿರು. ಅಂಕಿ ಏಳಾಗಿತ್ತು. ಸೂರ್ಯ ಮುಳುಗುವಾಗ ೨೯.

ಅತ್ತದ್ದು ಸೌದೆ ಹೊಗೆಗೆ. ಅದು ಹಸಿ ಸೌದೆ.

ಜನವರಿ ೨೭

೪೪.

ಸೌದೆ ಮನೆಯಲ್ಲಿ ನಿಂತು ಅಳತೆ ಹಾಕಿದೆ. ಒಂದು ಒಲೆಗಾದರೆ ಏಪ್ರಿಲ್ ತನಕ ಸಾಕು. ಎರಡಕ್ಕೆ ಫೆಬ್ರವರಿ ದಾಟದು. ಬ್ಯಾಟರಿಯನ್ನು ಹೊರುವವರಿಲ್ಲ, ಗೋಡೆಗೆ ಬಿಗಿದಿದೆ. ಅದು ನಮ್ಮಲ್ಲಿಗೆ ಬಾರದಿದ್ದರೆ ನಾವೇ ಅದರಲ್ಲಿಗೆ ಹೋಗಬೇಕು. ಅಡಿಗೆಮನೆಯ ಒಲೆ ಆರಿಸುತ್ತೇನೆ ಎಂದೆ.

ವಿದಾ ನಳಿಗೆ ಕಿತ್ತಿಟ್ಟು ಮಾತಾಡಿದಳು, ಅಷ್ಟು ಸಿಟ್ಟು.

"ನಾನು ಆ ಕೋಣೆಗೆ ಬರಲ್ಲ. ಅಲ್ಲಿ ಮಲಗಿದೋರೆಲ್ಲ ಕಾಲು ಮುಂದಾಗಿ ಹೊರಗೆ ಹೋದ್ರು. ಅತ್ತೆ. ನಿನ್ನ ಸ್ತಾನ್ಕೊ. ನನ್ನ ರಾಂಜೆಲ್."

"ಅವರು ಸತ್ತ ಮೇಲೆ ಒಳಗೆ ಹೋದೋರು. ನೀನು ಬದುಕಿದಾಗ ಹೋಗ್ತಿದೀಯ. ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ ಅಂದ್ರೆ ನಳಿಗೆ ಮೂಗಿಗೆ ಹಾಕ್ಕೋ, ಗೊತ್ತಾಗುತ್ತೆ."

ಹಾಕಿಕೊಂಡಳು. ಉಸಿರು ತುಂಬಿಕೊಂಡು ಮತ್ತೆ ಶುರು.

"ಮದುವೆಯಾಗಿ ಬಂದ ದಿನ ಅಲ್ಲಿ ಮಲಗ್ತೀವಿ ಅಂತ ರಾಂಜೆಲ್ ಕೇಳಿದ್ದ. ಒಂದೇ ಒಂದು ರಾತ್ರಿ. ಅತ್ತೆ ಆಗಲಿ ಅಂದ್ರು. ನೀನು ಹಾಸು ಒಗೆಯಕ್ಕೆ ಹಾಕಿದೀನಿ ಅಂದೆ."

"ಒಗೆಯಕ್ಕೆ ಹಾಕಿದ್ದೆ."

"ಹುಲ್ಲಿನ ಅಟ್ಟದ ಮೇಲೆ ಮಲಗಿದ್ವಿ. ಅಕ್ಟೋಬರ್ ತಿಂಗಳು."

ನಲವತ್ತೊಂದು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದಳೋ. ಹಾಸು ಒಣಗಿ, ಮಡಚಿ, ಬೀರುವಿನಲ್ಲಿತ್ತು. ಅದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ, ಅವಳಿಗೆ ಹೇಳಿಲ್ಲ. ಎದ್ದು ಹೋಗಿ ಒಳ್ಳೆ ಕೋಣೆಯ ಮಂಚಕ್ಕೆ ಅದೇ ಕಸೂತಿ ಹಾಸು ಹಾಕಿದೆ, ಎರಡು ದಿಂಬು ಜಾಸ್ತಿ ಇಟ್ಟೆ.

"ಏಳು. ಹಾಸು ಒಣಗಿದೆ" ಎಂದೆ.

ತೋಳು ಹಿಡಿದು ಕರೆತರುವಾಗ ಹೊಸ್ತಿಲಲ್ಲಿ ಒಮ್ಮೆ ನಿಂತಳು. ನಾನೂ ನಿಂತೆ. ಉಸಿರು ತೆಗೆದುಕೊಳ್ಳಲಿ ಎಂದು.

ಜನವರಿ ೨೯

೮೧. ಕರೆಂಟು ಇನ್ನೂ ಇಲ್ಲ.

ಒಳ್ಳೆ ಕೋಣೆಯ ಸಣ್ಣ ಒಲೆಯ ಮೇಲೆ ಹುರುಳಿಕಾಯಿ ಬೀಜ ಬೇಯಿಸಿದೆ. ಕಿಲಿಮಿಗೆ ಈರುಳ್ಳಿ ವಾಸನೆ. ಸಂತ ಯೊವಾನನ ಪಟದ ಕೆಳಗೆ ವಿದಾಳ ಕಾಲುಚೀಲ ಒಣಗುತ್ತಿವೆ. ಗಾಜಿನ ಬೀರುವಿನ ಬಂಗಾರದಂಚಿನ ಬಟ್ಟಲನ್ನೇ ಎತ್ತಿಕೊಳ್ಳಬೇಕಾಯಿತು, ಅಡಿಗೆಮನೆಗೆ ಹೋಗಲು ಚಳಿ. ಅತ್ತೆ ಸಮಾಧಿಯಲ್ಲಿ ಮಗ್ಗುಲು ಬದಲಿಸಿರುತ್ತಾಳೆ.

"ಅಕ್ಕಾ, ಹುಳಿ ಜಾಸ್ತಿ" ಎಂದಳು ವಿದಾ, ಬಂಗಾರದಂಚಿನ ಬಟ್ಟಲಿನಿಂದ.

ಜನವರಿ ೩೧, ಬುಧವಾರ

೯೬.

ಹಿಮ ಗೋರುವ ಗಾಡಿಯ ಹಿಂದೆಯೇ ಯಗೋದಾ ಬಂದಳು. ನೇರ ಅಡಿಗೆಮನೆಗೆ ನುಗ್ಗಿದ್ದಾಳೆ. ಒಲೆ ತಣ್ಣಗಿದೆ, ತಾಯಿಯ ಮಂಚ ಖಾಲಿ, ಬಕೆಟ್ಟಿನ ನೀರು ಕಲ್ಲಾಗಿದೆ. ಅಲ್ಲಿಂದ ಓಡಿ ಬಂದು ನೋಡುತ್ತಾಳೆ: ಒಳ್ಳೆ ಕೋಣೆಯ ಬಾಗಿಲು ತೆರೆದಿದೆ, ಕಸೂತಿ ಹಾಸಿನ ಮೇಲೆ ಅವಳಮ್ಮ ಎದೆಯ ಮೇಲೆ ಕೈಯಿಟ್ಟು ಮಲಗಿದ್ದಾಳೆ, ಪಟದ ಮುಂದೆ ದೀಪ ಉರಿಯುತ್ತಿದೆ. ಶಿಲುಬೆ ಗುರುತು ಹಾಕಿಕೊಂಡು ಹೊಸ್ತಿಲಲ್ಲೇ ಕುಸಿದು ಅಳಲು ಶುರುಮಾಡಿದಳು.

ವಿದಾ ಒಂದು ಕಣ್ಣು ತೆರೆದಳು. "ಬಾಗಿಲು ಹಾಕೇ. ಬ್ಯಾಟರಿಗೆ ಚಳಿಯಾಗುತ್ತೆ."

ಯಗೋದಾಳಿಗೆ ಹಣ್ಣಿನ ಪಾಕ, ನೀರು, ಕಾಫಿ ಎಲ್ಲ ಆದ ಮೇಲೆ ಮಾತು ಬಂತು. ಕಾರಿನಲ್ಲಿ ಹೊಸ ಸಿಲಿಂಡರ್ ಇದೆ, ಆಶ್ರಮದಲ್ಲಿ ಹಾಸಿಗೆ ಸಿದ್ಧವಿದೆ, ಬಟ್ಟೆ ಕಟ್ಟಿ.

"ಕರ್ಕೊಂಡು ಹೋಗು" ಎಂದೆ ನಾನು. "ನನಗೂ ನೆಮ್ಮದಿ. ಬಲಗಡೆಗೆ ಮಲಗಿಸಬೇಡಿ ಅಂತ ಹೇಳು, ಕೆಮ್ಮು ಹತ್ತುತ್ತೆ. ದಿಂಬು ಮೂರು ಬೇಕು, ನಾಲ್ಕಾದ್ರೆ ಕತ್ತು ನೋವು ಅಂತಾಳೆ. ಹಾಲು ಬಿಸಿ ಮಾಡಿ ಕೆನೆ ತೆಗೆದೇ ಕೊಡ್ಬೇಕು, ಕೆನೆ ಕಂಡ್ರೆ ಕುಡಿಯಲ್ಲ, ಹೇಳೋದೂ ಇಲ್ಲ, ಹಾಗೇ ಇಡ್ತಾಳೆ. ಬೆಳಗಿನ ಜಾವ ಒಂದ್ಸಲ ಎದ್ದು ನಳಿಗೆ ಮಡಚಿಲ್ಲವಾ ನೋಡ್ಬೇಕು. ಅಲ್ಲಿ ಯಾರು ನೋಡ್ತಾರೆ?"

ಯಗೋದಾ ನನ್ನನ್ನೇ ನೋಡುತ್ತಿದ್ದಳು. "ಆ ಪುಸ್ತಕ ಕೊಡು ದೊಡ್ಡಮ್ಮಾ, ಅಂಕಿ ನೋಡ್ತೀನಿ."

"ನಾನೇ ಓದ್ತೀನಿ." ಓದಿದೆ, ಅಂಕಿ ಮಾತ್ರ. ಇಪ್ಪತ್ತೊಂಬತ್ತು, ನಲವತ್ತನಾಲ್ಕು, ಎಂಬತ್ತೊಂದು, ತೊಂಬತ್ತಾರು. ಆರು ದಿನ ಕಂಬದ ಕರೆಂಟಿಲ್ಲದೆ.

ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ನೀನು ಹೇಳು. ಅಲ್ಲಿ ನರ್ಸುಗಳಿರ್ತಾರೆ, ಎಲ್ಲರೂ ಪ್ರೀತಿಯಿಂದ ಮಾತಾಡಿಸ್ತಾರೆ."

"ದಿನಾನಾ?" ಎಂದಳು ವಿದಾ.

"ದಿನಾ."

"ಹಾಗಾದ್ರೆ ಒಂದು ವಾರದಲ್ಲಿ ಸತ್ತೋಗ್ತೀನಿ."

ಯಗೋದಾ ಸಿಲಿಂಡರನ್ನು ಒಳಗೆ ತಂದಿಟ್ಟು, ಬಟ್ಟೆಯ ಚೀಲವನ್ನು ಖಾಲಿಯೇ ಮಡಚಿಕೊಂಡು ಹೋದಳು.

ಫೆಬ್ರವರಿ ೬

೧೦೦.

ತಿಹೊಮಿರನ ಫೋನು. ತಪ್ಪು ತನ್ನದೂ ಇದೆ ಎಂದ. ಅದರಲ್ಲಿ ನನಗೇನೂ ಅನುಮಾನವಿಲ್ಲ. ಹಿಮ ಕರಗಿದ ಕೂಡಲೇ ಇಬ್ಬರು ಆಳುಗಳನ್ನು ಕರೆತಂದು ಬ್ಯಾಟರಿಯನ್ನು ಬಿಡಿಗಾಸೂ ತೆಗೆದುಕೊಳ್ಳದೆ ಅಡಿಗೆಮನೆಯ ಉಗ್ರಾಣಕ್ಕೆ ಸಾಗಿಸಿ ಕೊಡುತ್ತಾನಂತೆ.

"ಆಮೇಲೆ ನಿಮ್ಮ ಒಳ್ಳೆ ಕೋಣೆಗೆ ಮೊದಲಿನ ಹಾಗೇ ಬೀಗ ಹಾಕ್ಕೋಬಹುದು ಅಜ್ಜಿ."

ಮೆಟ್ಟಿಲ ಮೇಲಿಂದ ನೋಡಿದರೆ ಆ ಕೋಣೆಯ ಕಿಟಕಿ ಕಾಣುತ್ತದೆ. ವಿದಾ ಎದ್ದು ಕೂತು ನನ್ನ ಕನ್ನಡಕ ಹಾಕಿಕೊಂಡು ಅವರೆ ಬೀಜ ಆರಿಸುತ್ತಿದ್ದಳು, ಕೆಟ್ಟದ್ದನ್ನೆಲ್ಲ ಒಳ್ಳೆಯದರ ಜೊತೆ ಹಾಕುತ್ತ.

"ಬರಬೇಡ" ಎಂದೆ. "ಅದನ್ನ ಕಿತ್ರೆ ಗೋಡೆ ಸುಣ್ಣ ಉದುರುತ್ತೆ. ಈ ವರ್ಷ ಸುಣ್ಣ ಹೊಡೆಸೋ ಯೋಚನೆ ನನಗಿಲ್ಲ."

"ಮುಂದಿನ ವರ್ಷ?"

ಮುಂದಿನ ವರ್ಷವೂ ಇಲ್ಲ ಎಂದು ಫೋನು ಇಟ್ಟೆ. ಸುಣ್ಣ ಹೊಡೆಯುವವರು ಇತ್ತೀಚೆಗೆ ಬಹಳ ಗಲೀಜು ಮಾಡುತ್ತಾರೆ.